ತೌರಿಗೆ ಹೋದ ನೆಲಸಂಪಿಗೆ

ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ. ಯಾರ ಮುಂದೂ ಬಗ್ಗಿದವನಲ್ಲ. ದೇವರಿಗೂ ನಿಂತೇ ಕೈ ಮುಗಿಯುತ್ತಿದ್ದನಂತೆ. ಬೇಟೆಗೆ ಹೋದಾಗ ಕಾಡಿನ ನೆರಳಲ್ಲಿ ರಾಶಿ ರಾಶಿ ನೆಲಸಂಪಿಗೆ ಅರಳಿತ್ತು. ಆ ಪರಿಮಳಕ್ಕೆ ಮರುಳಾಗಿ, ಕುದುರೆ ಮೇಲಿಂದಲೇ ಹೇಳಿ, ಮೂರು ಗೆಡ್ಡೆ ಅಗೆಸಿ ತಂದ.

"ಇದು ನನ್ನ ಅರಮನೆ ಅಂಗಳದಲ್ಲೇ ಅರಳಬೇಕು" ಅಂತ ಮಾಲಿ ಸಣ್ಣೀರನಿಗೆ ಅಪ್ಪಣೆ. ಸಣ್ಣೀರ ಒಂದು ನೆಟ್ಟ, ಬಿಸಿಲಿಗೆ ಸುಟ್ಟಿತು. ಇನ್ನೊಂದು ನೆಟ್ಟ, ಅದೂ ಸುಟ್ಟಿತು. "ಬರೋ ಯುಗಾದಿಗೆ ಹೂವಿಲ್ಲದಿದ್ದರೆ ನೀನು ಊರು ಬಿಡು" ಅಂದ ರಾಜ. ಮುದುಕ ಉಳಿದೊಂದು ಗೆಡ್ಡೆ ಹಿಡಿದು ಅಳುತ್ತಾ ಮನೆಗೆ ಬಂದನಂತೆ.

ಅವನ ಸೊಸೆ ದ್ಯಾವಾಜಿ ಕಾಡಂಚಿನ ಹಟ್ಟಿಯವಳು. ಅವಳ ಜಾಣತನ ಏನಂತ ಹೇಳಲಿ! "ಅಳಬ್ಯಾಡಿ ಮಾವ. ನೆರಳಲ್ಲಿ ಹುಟ್ಟಿದ್ದನ್ನ ಬಿಸಿಲಿಗೆ ಹಾಕಿದ್ರೆ ಬದುಕ್ತದಾ? ಕೊಡಿ ಇಲ್ಲಿ" ಅಂದಳು. ಅರಮನೆ ಅಂಗಳದ ಮೂಲೆಯ ಹಲಸಿನ ಬುಡದಲ್ಲಿ ಕೊಳೆತ ಎಲೆ ಹಾಸಿ, ಗೆಡ್ಡೆ ಮಲಗಿಸಿ, ತರಗು ಹೊದಿಸಿದಳು. ಮಳೆ ಬಿತ್ತು, ಪಟ್ಟೆ ಪಟ್ಟೆ ಎಲೆ ಎದ್ದವು. ಊರೆಲ್ಲ ಬಂದು ನೋಡಿ ಬೆರಗಾಯಿತಂತೆ.

ಚಳಿ ಬಂತು. ಎಲೆ ಹಳದಿಯಾಯಿತು, ಒಣಗಿತು, ಮಾಯವಾಯಿತು.

"ಕೊಂದುಬಿಟ್ಟೆಯಲ್ಲ! ಅಗೆದು ಬಿಸಾಕಿ! ಮುದುಕನನ್ನು ಗಡಿ ದಾಟಿಸಿ!" ಅಂತ ರಾಜ ಕೂಗಿದ. ಆಳು ಗುದ್ದಲಿ ಎತ್ತಿದ. ದ್ಯಾವಾಜಿ ಅಡ್ಡ ಕೂತಳು.

"ಬುದ್ಧಿ, ಅವಳು ಸತ್ತಿಲ್ಲ, ಬಸುರಿ. ಹೆರಿಗೆಗೆ ತೌರಿಗೆ ಹೋಗವಳೆ. ಅವಳ ತೌರು ಮಣ್ಣೊಳಗೆ. ತುಂಬು ಬಸುರೀನ ತೌರಿಂದ ಎಳಕೊಂಡು ಬರೋ ಗಂಡಸು ನಿಮ್ಮ ರಾಜ್ಯದಲ್ಲಿ ಇದ್ದಾನಾ?"

ರಾಜ ಆಳಿನ ಗುದ್ದಲಿ ಕೆಳಗಿಳಿಸಿದ. "ಯುಗಾದಿವರೆಗೆ ಕಾಯ್ತೀನಿ" ಅಂತ ಹೊರಟುಹೋದ.

ದ್ಯಾವಾಜಿ ನೀರು ಹುಯ್ಯಲಿಲ್ಲ, ಮಣ್ಣು ಕೆದಕಲಿಲ್ಲ. ಮಾವನೇ ಹೆದರಿ, "ಒಂಚೂರು ಕೆದಕಿ ನೋಡವ್ವ" ಅಂದರೆ, "ಹೆತ್ತು ಬರೋಗಂಟ ಬೀಗರು ಹೋಗಿ ಬಾಗಿಲು ಬಡೀಬಾರದು ಮಾವ" ಅಂದಳಂತೆ.

ಯುಗಾದಿಗೆ ಮೂರು ದಿನ ಇತ್ತು, ಏನಿಲ್ಲ. ಎರಡು ದಿನ ಇತ್ತು, ಏನಿಲ್ಲ. ಮುದುಕ ಗಂಟು ಕಟ್ಟಿದ. ಹಬ್ಬದ ಹಿಂದಿನ ಸಂಜೆ ನಾಲ್ಕು ಹನಿ ಮಳೆ ಬಿತ್ತು. ಯುಗಾದಿ ಬೆಳಗ್ಗೆ ನೋಡಿದರೆ, ಎಲೆಯಿಲ್ಲ, ಕಾಂಡವಿಲ್ಲ, ಬರೀ ನೆಲದ ಮೇಲೆ ಒಂದೇ ಒಂದು ಹೂ! ಬಿಳಿ ಎಸಳು, ನಡುವೆ ನೇರಳೆ ಬಣ್ಣ.

ರಾಜ ಬಂದು ನಿಂತ. ಒಂದೇ ಹೂವಿನ ಪರಿಮಳ ಅಷ್ಟೆತ್ತರ ಮುಟ್ಟಲಿಲ್ಲ. "ಕಿತ್ತು ಕೊಡು" ಅಂದ.

"ಕಿತ್ತರೆ ಬಾಡ್ತದೆ ಬುದ್ಧಿ. ಕೂಸು ನೋಡೋಕೆ ಬಂದವರು ತೊಟ್ಟಿಲಿಗೆ ಬಗ್ಗಬೇಕು."

ರಾಜ ಆ ಕಡೆ ನೋಡಿದ, ಈ ಕಡೆ ನೋಡಿದ. ಮೆಲ್ಲಗೆ ಮಂಡಿಯೂರಿ ಬಗ್ಗಿದ. ಕಿರೀಟ ಜಾರಿ ತರಗಿನ ಮೇಲೆ ಬಿತ್ತು. ಅದನ್ನು ಎತ್ತಿಕೊಳ್ಳೋದೂ ಮರೆತು ಹಾಗೇ ಇದ್ದನಂತೆ.

ಸಣ್ಣೀರ ಗಂಟು ಬಿಚ್ಚಿದ. ರಾಣಿಯೇ ಬಂದು ದ್ಯಾವಾಜಿಗೆ ಮಡಿಲು ತುಂಬಿದಳು. ಅವರು ಆ ಹಲಸಿನ ನೆರಳಲ್ಲಿ ತಣ್ಣಗಿದ್ದರು, ನಾವು ಈ ಜಗಲಿ ಮೇಲೆ ತಣ್ಣಗಿದ್ದೀವಿ.