ಗಿದ್ಯೋನನ ನಾಲ್ಕು ಭಾನುವಾರ

ಹೊಸಕೊಪ್ಪಲಿನಲ್ಲಿ ಲೇಯಮ್ಮ ಅಂತ ಒಬ್ಬಳಿದ್ದಳು. ಗಂಡ ತೀರಿಕೊಂಡಿದ್ದ. ಇದ್ದದ್ದು ಎರಡು ಎಮ್ಮೆ, ಒಬ್ಬ ಮಗ. ಎಮ್ಮೆಗಳಿಗೆ ಹೇಳಿದ್ದು ಅರ್ಥವಾಗುತ್ತಿತ್ತು. ಮಗ ಗಿದ್ಯೋನನಿಗೆ ಹೇಳಿದ್ದು ಮಾತ್ರ ಅರ್ಥವಾಗುತ್ತಿತ್ತು, ಹೇಳದೇ ಬಿಟ್ಟದ್ದು ಒಂದಿಷ್ಟೂ ಆಗುತ್ತಿರಲಿಲ್ಲ. ಅಂಗಡಿಗೆ ಹೋಗಿ ಉಪ್ಪು ಬಂದಿದೆಯಾ ನೋಡಿಕೊಂಡು ಬಾ ಅಂದರೆ ಹೋಗುತ್ತಿದ್ದ, ನೋಡುತ್ತಿದ್ದ, ಬಂದಿದೆ ಕಣವ್ವ ಅಂತ ಬರಿಗೈಲಿ ಬರುತ್ತಿದ್ದ. ಹಾಗಂತ ಸಣ್ಣ ಹುಡುಗನಲ್ಲ. ಮೂವತ್ತು ತುಂಬಿತ್ತು, ಮೀಸೆ ಇತ್ತು, ಎರಡಾಳಿನ ಬಲ ಇತ್ತು.

ಕೊಪ್ಪಲಿನ ಇಪ್ಪತ್ತೆಂಟು ಮನೆಯೂ ಕ್ರೈಸ್ತರದ್ದು. ಊರ ನಡುವೆ ಹೆಂಚಿನ ಚರ್ಚು, ಅದರ ಪಕ್ಕ ಪಾದ್ರಿಗಳ ಮನೆ. ಪಾದ್ರಿಗಳನ್ನು ಅಲ್ಲಿ ಎಲ್ಲರೂ ಅಯ್ಯನೋರು ಅಂತಲೇ ಕರೆಯುತ್ತಿದ್ದರು. ಲೇಯಮ್ಮನಿಗೆ ಇದ್ದದ್ದು ಒಂದೇ ಆಸೆ. ಕಣ್ಣು ಮುಚ್ಚುವುದರೊಳಗೆ ಮಗ ಒಂದು ಸಲ ಪ್ರಭುಭೋಜನಕ್ಕೆ ಕೂರಬೇಕು. ಎಲ್ಲರ ಜೊತೆ ಮಂಡಿಯೂರಿ ಆ ಒಂದು ಚೂರು ರೊಟ್ಟಿ, ಆ ಒಂದು ಗುಟುಕು ದ್ರಾಕ್ಷಾರಸ ತೆಗೆದುಕೊಳ್ಳಬೇಕು. ಆದರೆ ಅದಕ್ಕೆ ಮೊದಲು ಪಾಠ ಒಪ್ಪಿಸಬೇಕು. ಪಾಠ ಕೇಳುವವರು ಸಭೆಯ ಹಿರಿಯರಾದ ಯೋಬಪ್ಪ ಮೇಷ್ಟ್ರು.

ಹನ್ನೆರಡು ವರ್ಷದ ಹಿಂದೆ ಮೇಷ್ಟ್ರು ಪಾಠ ಮಾಡುತ್ತಾ, ದೇವರು ಆರು ದಿನ ಲೋಕ ಸೃಷ್ಟಿ ಮಾಡಿ ಏಳನೇ ದಿನ ವಿಶ್ರಮಿಸಿಕೊಂಡ, ಅದಕ್ಕೇ ನಾವು ವಾರಕ್ಕೊಂದು ದಿನ ಸಬ್ಬತ್ತು ಆಚರಿಸಬೇಕು ಅಂದಿದ್ದರು. ಗಿದ್ಯೋನ ಎದ್ದು ನಿಂತು, "ದೇವರಿಗೂ ಸುಸ್ತಾಗುತ್ತಾ ಮೇಷ್ಟ್ರೇ?" ಅಂತ ಕೇಳಿದ್ದ. ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದಿದ್ದರೆ ಅವರಿಗೆ ಸಿಟ್ಟು ಬರುತ್ತಿತ್ತು. ಸಬ್ಬತ್ತು ಅಂದರೇನು ಅಂತಲೇ ತಿಳಿಯದವನಿಗೆ ಪ್ರಭುಭೋಜನ ಎಂಥದ್ದು ಅಂತ ಹೆಸರು ಹೊಡೆದುಹಾಕಿದರು. ಪ್ರತಿ ವರ್ಷವೂ ಅದೇ ಆಯಿತು.

ಈ ಸಲ ಲೇಯಮ್ಮ ಅಯ್ಯನೋರ ಮುಂದೆ ಹೋಗಿ ಕೂತುಬಿಟ್ಟಳು. ತನಗೆ ಎದೆನೋವು ಬರುತ್ತಿದೆ, ಇನ್ನೆಷ್ಟು ದಿನವೋ ಅಂದಳು. ಅಯ್ಯನೋರು ಮೇಷ್ಟ್ರನ್ನು ಕರೆಸಿ ಮಾತಾಡಿದರು. ಕೊನೆಗೆ ಒಂದು ತೀರ್ಮಾನವಾಯಿತು. ಗಿದ್ಯೋನ ಮೂರು ಭಾನುವಾರ ಸಬ್ಬತ್ತನ್ನು ಆಚರಿಸಬೇಕಾದ ಹಾಗೆ ಆಚರಿಸಲಿ. ನಾಲ್ಕನೆಯದು ಪ್ರಭುಭೋಜನದ ಭಾನುವಾರ, ಆವತ್ತು ನೋಡೋಣ.

ಗಿದ್ಯೋನನಿಗೆ ಬಲು ಖುಷಿ. ಹೇಗೆ ಆಚರಿಸಬೇಕು ಅಂತ ಅವ್ವನನ್ನು ಕೇಳಿದ. ಲೇಯಮ್ಮ, ಏನಿಲ್ಲ ಮಗ, ಭಾನುವಾರ ಯಾವ ಕೆಲಸಕ್ಕೂ ಕೈ ಹಾಕಬಾರದು ಅಷ್ಟೇ, ಅಂದಳು.

ಮೊದಲನೇ ಭಾನುವಾರ ಬೆಳಗ್ಗೆ ಎಮ್ಮೆಯ ಹಾಲು ಕರೆಯಬೇಕಿತ್ತು. ಗಿದ್ಯೋನ ಬಹಳ ಹೊತ್ತು ಎಮ್ಮೆಯ ಮುಂದೆ ನಿಂತು ಯೋಚನೆ ಮಾಡಿದ. ಕೈ ಹಾಕಬಾರದು ಅಂದಿದ್ದಾಳೆ ಅವ್ವ. ಕಾಲು ಹಾಕಬಾರದು ಅಂದಿಲ್ಲ. ಕೈಗೆ ಮಾತ್ರ ಯಾಕೆ ರಜೆ, ಕಾಲಿಗೆ ಯಾಕಿಲ್ಲ, ಅದು ಅವನಿಗೂ ತಿಳಿಯಲಿಲ್ಲ. ಇರಲಿ ಅಂದುಕೊಂಡು ಕಾಲು ತೊಳೆದುಕೊಂಡು, ಕೊಟ್ಟಿಗೆಯಲ್ಲಿ ಅಂಗಾತ ಮಲಗಿ, ಎರಡೂ ಕಾಲೆತ್ತಿ ಹೆಬ್ಬೆರಳಿನಲ್ಲಿ ಕೆಚ್ಚಲು ಹಿಡಿದ. ಎಮ್ಮೆ ಒಂದು ಸಲ ತಿರುಗಿ ನೋಡಿತು. ಆಮೇಲೆ ಅದೂ ತನ್ನ ಕಾಲೆತ್ತಿತು.

ಹಣೆ ಊದಿಸಿಕೊಂಡು ಮಗ ಚರ್ಚಿಗೆ ಬಂದದ್ದನ್ನು ಕಂಡು ಲೇಯಮ್ಮ ಅತ್ತಳು, ಬೈದಳು. ದನಕರುಗಳ ಕೆಲಸ ಮಾಡಿದರೆ ತಪ್ಪಿಲ್ಲ ಅಂತ ಅಷ್ಟೂ ತಿಳಿಯಬೇಡವೇ ಅಂದಳು. ಅಯ್ಯನೋರೂ ಅವನನ್ನು ಪಕ್ಕಕ್ಕೆ ಕರೆದು, ನೋಡಪ್ಪ, ಗುಂಡಿಗೆ ಬಿದ್ದ ಪ್ರಾಣಿಯನ್ನು ಸಬ್ಬತ್ತಿನ ದಿನವೂ ಮೇಲಕ್ಕೆ ಎತ್ತಬೇಕು, ಜೀವ ಉಳಿಸುವುದು ದೇವರ ಕೆಲಸ, ಅಂತ ಸಮಾಧಾನವಾಗಿ ಹೇಳಿದರು. ಗಿದ್ಯೋನ ತಲೆ ಅಲ್ಲಾಡಿಸಿದ. ಇದು ಅವನಿಗೆ ಚೆನ್ನಾಗಿ ಅರ್ಥವಾಯಿತು.

ಎರಡನೇ ಭಾನುವಾರ ಕೋಳಿ ಕೂಗುತ್ತಲೇ ಗುಂಡಿಗೆ ಬಿದ್ದ ಪ್ರಾಣಿ ಹುಡುಕುತ್ತಾ ಹೊರಟ. ಗೊಬ್ಬರದ ಗುಂಡಿ ನೋಡಿದ, ಸುಣ್ಣದ ಗುಂಡಿ ನೋಡಿದ, ಒಂದು ಕರುವೂ ಬಿದ್ದಿರಲಿಲ್ಲ. ಕೊನೆಗೆ ಚರ್ಚಿನ ಹಿಂದಿನ ಮೆಟ್ಟಿಲು ಬಾವಿಗೆ ಬಗ್ಗಿ ನೋಡಿದರೆ, ಅಯ್ಯೋ ಪಾಪ, ಎಷ್ಟು ಜೀವ ಬಿದ್ದಿವೆ. ಕಪ್ಪೆಗಳೇ ಕಪ್ಪೆಗಳು. ಒಂದು ಆಮೆ ಬೇರೆ. ನೀರು ಶುದ್ಧವಾಗಿರಲಿ ಅಂತ ಹಿರಿಯರೇ ಬಿಟ್ಟಿದ್ದ ಆಮೆ ಅದು. ದಿನಾ ನೀರು ತುಂಬಿಕೊಳ್ಳುವ ಜನ ಇವುಗಳನ್ನು ನೋಡಿಯೂ ಸುಮ್ಮನಿದ್ದರಲ್ಲ ಅಂತ ಅವನಿಗೆ ಆಶ್ಚರ್ಯವಾಯಿತು. ಮಂಕರಿ ತಂದು ಒಂದೊಂದಾಗಿ ಎತ್ತಿದ. ಎತ್ತಿ ಹೊರಗೆ ಬಿಟ್ಟರೆ ಮತ್ತೆ ಬಾವಿಗೇ ಹಾರುತ್ತಿದ್ದವು. ಹಾಗಾದರೆ ಎಲ್ಲಿ ಬಿಡುವುದು? ದೇವರ ಮನೆ ಎಲ್ಲ ಜೀವಕ್ಕೂ ಆಸರೆ ಅಂತ ಅಯ್ಯನೋರು ಎಷ್ಟು ಸಲ ಹೇಳಿಲ್ಲ.

ಸಭೆಯವರೆಲ್ಲ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದಾಗ ಗಿದ್ಯೋನ ಸದ್ದಿಲ್ಲದೆ ಒಳಗೆ ಬಂದು ಮಂಕರಿ ಬೋರಲು ಹಾಕಿದ. ಹೆಂಗಸರು ಬೆಂಚಿನ ಮೇಲೆ ಹತ್ತಿದರು. ಗಂಡಸರೂ ಹತ್ತಿದರು. ಆಮೆ ಮಾತ್ರ ಅವಸರವಿಲ್ಲದೆ ನಡುದಾರಿಯಲ್ಲಿ ಅಯ್ಯನೋರ ಕಡೆಗೆ ಹೊರಟಿತು. ಯೋಬಪ್ಪ ಮೇಷ್ಟ್ರು ಅವನ ಕಿವಿ ಹಿಡಿಯೋಣ ಅಂತ ಎದ್ದು ನಾಲ್ಕು ಹೆಜ್ಜೆ ಇಟ್ಟರು, ಐದನೆಯದನ್ನು ಒಂದು ಕಪ್ಪೆಯ ಮೇಲೆ ಇಟ್ಟರು, ಜಾರಿ ಬಿದ್ದರು. ಕಾಲಿನ ಗಿಣ್ಣು ಉಳುಕಿ ಕುಂಬಳಕಾಯಿ ಆಯಿತು.

ಆವತ್ತು ಲೇಯಮ್ಮ ಬೈಯಲೂ ಇಲ್ಲ. ಮನೆಗೆ ಬಂದು ಗೋಡೆಗೆ ಒರಗಿ ಕೂತಳು, ಊಟ ಮಾಡಲಿಲ್ಲ. ಗಿದ್ಯೋನ ಪಕ್ಕದಲ್ಲಿ ಕೂತು, ಕಪ್ಪೆಗೆ ಜೀವ ಇಲ್ವಾ ಅವ್ವ ಅಂತ ಕೇಳಿದ. ಇದೆ ಮಗ ಅಂದಳು.

ಸಂಜೆ ಅಯ್ಯನೋರೇ ಬಂದರು. ಬಾವಿಯ ಜೀವಗಳ ಚಿಂತೆ ಬಿಡು, ಮನುಷ್ಯರನ್ನು ನೋಡು ಅಂದರು. ಮುಂದಿನ ಭಾನುವಾರ ಮೇಷ್ಟ್ರ ಮನೆಗೆ ಹೋಗಿ ಕ್ಷಮೆ ಕೇಳು. ನಿನ್ನಿಂದಲೇ ಅವರು ಹಾಸಿಗೆ ಹಿಡಿದಿರುವುದು. ಕಷ್ಟದಲ್ಲಿ ಇರುವವರ ಕೈ ಬಿಡಬಾರದು, ಸಬ್ಬತ್ತಿನ ದಿನವಂತೂ ಬಿಡಲೇಬಾರದು.

ಮೂರನೇ ಭಾನುವಾರ ಚರ್ಚು ಮುಗಿಯುತ್ತಲೇ ಗಿದ್ಯೋನ ಹೋಗಿ ಕ್ಷಮೆ ಕೇಳಿ, ಮೇಷ್ಟ್ರ ಬಲಗೈ ಹಿಡಿದುಕೊಂಡ.

ಮೇಷ್ಟ್ರು ಆಯ್ತು, ಕ್ಷಮಿಸಿದೆ, ಕೈ ಬಿಡು ಅಂದರು. ಗಿದ್ಯೋನ ಬಿಡಲಿಲ್ಲ. ಗದರಿದರು, ಬಿಡಲಿಲ್ಲ. ಎಳೆದರು. ಎರಡಾಳಿನ ಬಲದ ಮುಂದೆ ಅರವತ್ತೆಂಟರ ಮೇಷ್ಟ್ರು ಎಷ್ಟು ಎಳೆದಾರು? ಸೊಸೆ ಬಂದು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಮಧ್ಯಾಹ್ನ ಮುದ್ದೆಯನ್ನು ಗಿದ್ಯೋನನೇ ಇನ್ನೊಂದು ಕೈಯಲ್ಲಿ ಮುರಿದು ಸಾರಿಗೆ ಅದ್ದಿ ಮೇಷ್ಟ್ರ ಬಾಯಿಗಿಟ್ಟ. ಮೇಷ್ಟ್ರು ಹಿತ್ತಿಲಿಗೆ ಹೋಗಬೇಕು ಅಂದಾಗ ಎತ್ತಿಕೊಂಡು ಹೋದ, ಆ ಕಡೆ ತಿರುಗಿ ನಿಂತ, ಕೈ ಮಾತ್ರ ಬಿಡಲಿಲ್ಲ.

ಬೇರೆ ದಾರಿಯಿಲ್ಲದೆ ಮೇಷ್ಟ್ರು ಸುಮ್ಮನೆ ಮಲಗಿದರು. ಸುಮ್ಮನಿದ್ದರೆ ಗಿದ್ಯೋನನ ಪ್ರಶ್ನೆಗಳು ಶುರುವಾಗುತ್ತಿದ್ದವು. ಆದಿತ್ಯವಾರ ಅನ್ನೋದು ಕಾಡಿನ ಪ್ರಾಣಿಗಳಿಗೂ ಗೊತ್ತಾ? ಹೊಳೆ ಭಾನುವಾರವೂ ಹರಿಯುತ್ತಲ್ಲ, ಅದು ತಪ್ಪಾ? ಕೊನೆಗೆ ಆ ಹಳೇ ಪ್ರಶ್ನೆಯನ್ನೂ ಕೇಳಿದ. ದೇವರಿಗೆ ನಿಜವಾಗಿಯೂ ಸುಸ್ತಾಗಿತ್ತಾ?

ಈ ಸಲ ಮೇಷ್ಟ್ರಿಗೆ ಎದ್ದು ಹೋಗುವ ಹಾಗಿರಲಿಲ್ಲ. ಹೆಂಚಿನ ಸಂದಿಯಿಂದ ಬೀಳುವ ಬಿಸಿಲಿನ ಕಡೆ ತಿರುಗಿದರು.

"ಗೊತ್ತಿಲ್ಲ ಕಣೋ ಗಿದ್ಯೋನ," ಅಂದರು. "ಸುಸ್ತಾಗಿರಲಿಕ್ಕಿಲ್ಲ. ಮಾಡಿದ್ದನ್ನೆಲ್ಲ ಒಂದು ದಿನ ಸುಮ್ಮನೆ ಕೂತು ನೋಡೋಣ ಅನ್ನಿಸಿರಬೇಕು."

ಗಿದ್ಯೋನ ಅದನ್ನು ಒಪ್ಪಿಕೊಂಡ. ಹೌದು, ತಾನೂ ಎಮ್ಮೆ ಮೈ ತೊಳೆದಾದ ಮೇಲೆ ಕೂತು ನೋಡುವುದುಂಟು. ಅದನ್ನು ಹೇಳೋಣ ಅಂತ ತಿರುಗಿದರೆ ಮೇಷ್ಟ್ರು ನಿದ್ದೆ ಹೋಗಿದ್ದರು. ಕಾಲುನೋವಿಗೆ ವಾರವೆಲ್ಲ ಕಣ್ಣು ಮುಚ್ಚದಿದ್ದವರು ಕೈ ಅವನ ಕೈಯಲ್ಲೇ ಇಟ್ಟು ಸಂಜೆ ತನಕ ಗೊರಕೆ ಹೊಡೆದರು.

ಎದ್ದಾಗ ಬಲಗೈ ಜೋಮು ಹಿಡಿದು ಮರಗಟ್ಟಿತ್ತು. ಆಗ ಬೈಗುಳ ಶುರುವಾಯಿತು. ನಾಳೆ ಸೀಮೆಸುಣ್ಣ ಹಿಡಿಯಬೇಕಾಗಿದ್ದರೆ ಏನು ಗತಿ, ಪುಣ್ಯಕ್ಕೆ ನಿವೃತ್ತಿಯಾಗಿದೆ, ನಿನಗೆ ಬುದ್ಧಿ ಬರುವುದು ಯಾವಾಗ ಅಂತೆಲ್ಲ ಬೈದು, ಕೊನೆಗೆ ಬೆರಳೆತ್ತಿ ಪಾಠ ಹೇಳಿದರು. ಸಬ್ಬತ್ತು ಅಂದರೆ ವಿಶ್ರಾಂತಿ. ನಿನಗೊಬ್ಬನಿಗೇ ಅಲ್ಲ. ಆಳಿಗೂ ವಿಶ್ರಾಂತಿ, ಎತ್ತಿಗೂ ವಿಶ್ರಾಂತಿ, ಊರಿಗೆ ಬಂದ ಪರದೇಶಿಗೂ ವಿಶ್ರಾಂತಿ. ಭಾನುವಾರ ಯಾರೊಬ್ಬರೂ ದುಡಿಯದ ಹಾಗೆ ನೋಡಿಕೋ, ಆಗ ನಿನಗೆ ಸಬ್ಬತ್ತು ತಿಳಿಯಿತು ಅಂತ ಲೆಕ್ಕ.

ಆದರೆ ಆ ರಾತ್ರಿಯೇ ಸೊಸೆಯ ಕೈಲಿ ಅಯ್ಯನೋರಿಗೆ ಒಂದು ಚೀಟಿ ಕಳಿಸಿದರು. ಗಿದ್ಯೋನ ಪ್ರಭುಭೋಜನಕ್ಕೆ ಕೂರಲಿ, ತಮ್ಮ ಅಡ್ಡಿಯಿಲ್ಲ, ಅಂತ ಅದರಲ್ಲಿತ್ತು. ಲೇಯಮ್ಮ ಮಗನ ಬಿಳಿ ಅಂಗಿಗೆ ಎರಡು ಸಲ ನೀಲಿ ಹಾಕಿದಳು.

ಗಿದ್ಯೋನ ಮಾತ್ರ ಆ ವಾರವೆಲ್ಲ ಮೇಷ್ಟ್ರ ಮಾತನ್ನೇ ತಿರುವಿ ಹಾಕುತ್ತಿದ್ದ. ಭಾನುವಾರ ಈ ಊರಲ್ಲಿ ದುಡಿಯುವವರು ಯಾರು? ಗಾಡಿ ಹೊಡೆಯುವವರು ಹೊಡೆಯುವುದಿಲ್ಲ. ಕುಲುಮೆ ಉರಿಯುವುದಿಲ್ಲ. ಎಲ್ಲರೂ ಚರ್ಚಿನಲ್ಲಿ ಕೂತಿರುತ್ತಾರೆ. ಹಾಗೆ ಕೂತವರನ್ನೆಲ್ಲ ಮನಸ್ಸಿನಲ್ಲೇ ಒಬ್ಬೊಬ್ಬರಾಗಿ ನೋಡುತ್ತಾ ಹೋದ. ಕೊನೆಗೆ ಅವನಿಗೆ ಕಾಣಿಸಿತು. ಎಲ್ಲರೂ ಕೂತಿರುವಾಗ ಒಬ್ಬರು ಮಾತ್ರ ನಿಂತಿರುತ್ತಾರೆ. ಅವರೇ ಓದಬೇಕು, ಅವರೇ ಹಾಡು ಎತ್ತಬೇಕು, ಎರಡು ಗಂಟೆ ಗಂಟಲು ಹರಿದುಕೊಳ್ಳಬೇಕು, ಆಮೇಲೆ ಮನೆಮನೆಗೆ ತಿರುಗಬೇಕು. ಅಯ್ಯನೋರಿಗೆ ಭಾನುವಾರದಷ್ಟು ಕೆಲಸ ವಾರದ ಇನ್ನಾವ ದಿನವೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ಮನುಷ್ಯ ಒಂದು ಸಬ್ಬತ್ತನ್ನೂ ಕಂಡಿಲ್ಲವಲ್ಲ ಅಂತ ಗಿದ್ಯೋನನಿಗೆ ಮರುಕ ಹುಟ್ಟಿತು.

ನಾಲ್ಕನೇ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಅವನು ಎಮ್ಮೆ ಕೊಟ್ಟಿಗೆಯ ದಪ್ಪ ಬೀಗ ತಂದು ಅಯ್ಯನೋರ ಮನೆಯ ಬಾಗಿಲಿಗೆ ಹೊರಗಿನಿಂದ ಜಡಿದ. ಅಯ್ಯನೋರ ಹೆಂಡತಿ ಅಮ್ಮನೋರು ಮಗಳ ಬಾಣಂತನಕ್ಕೆ ಹೋಗಿದ್ದರಿಂದ ಒಳಗೆ ಅಯ್ಯನೋರೊಬ್ಬರೇ. ಮನೆಗಿದ್ದದ್ದು ಅದೊಂದೇ ಬಾಗಿಲು. ಬೀಗದಕೈ ತನ್ನ ಹತ್ತಿರವಿದ್ದರೆ ಯಾರಾದರೂ ಕೇಳುತ್ತಾರೆ, ಕೇಳಿದರೆ ಕೊಡಬೇಕಾಗುತ್ತದೆ. ಅಷ್ಟರಲ್ಲಿ ಮೊದಲನೇ ಬಸ್ಸು ಬಂತು. ಗಿದ್ಯೋನ ಕಂಡಕ್ಟರಿಗೆ ಇವತ್ತು ನೀವೂ ದುಡಿಯಬಾರದು ಅಂತ ಹೇಳಿದ. ಕಂಡಕ್ಟರು, ನಾನು ಮಲಗಿದರೆ ಇಷ್ಟು ಜನ ನಡೆದುಕೊಂಡು ಹೋಗಬೇಕಲ್ಲಪ್ಪ, ಆಗ ಅವರಿಗೆ ಕೆಲಸ ಆಗೋದಿಲ್ವೇ, ಅಂದ. ಇದು ಗಿದ್ಯೋನ ಯೋಚಿಸದೇ ಇದ್ದ ಮಾತು. ಒಪ್ಪಿಕೊಂಡು, ಸಂಜೆ ತನಕ ಇಟ್ಟುಕೊಂಡಿರಿ ಅಂತ ಬೀಗದಕೈಯನ್ನು ಅವನಿಗೇ ಕೊಟ್ಟ. ಬಸ್ಸು ಹೋಯಿತು.

ಅಯ್ಯನೋರು ಎದ್ದು ಬಾಗಿಲು ಎಳೆದರು, ಬಡಿದರು. ಕಿಟಕಿಗೆ ಬಂದು ನೋಡಿದರೆ ಜಗುಲಿಯ ಮೇಲೆ ಬಿಳಿ ಅಂಗಿ ತೊಟ್ಟ ಗಿದ್ಯೋನ ಕೂತಿದ್ದಾನೆ. ಮಲಗಿ ಅಯ್ಯನೋರೇ, ಇವತ್ತು ನಿಮಗೆ ಸಬ್ಬತ್ತು, ಅಂದ. ವಿಷಯವೆಲ್ಲ ಕೇಳಿ ತಿಳಿದುಕೊಂಡು ಅಯ್ಯನೋರು ಕಿಟಕಿಯ ಕಂಬಿ ಎಳೆದು ನೋಡಿದರು. ಆಮೇಲೆ ಮಾಡುವುದಕ್ಕೆ ಬೇರೆ ಏನೂ ಇಲ್ಲದ್ದರಿಂದ ಹೋಗಿ ಮಲಗಿದರು.

ಒಂಬತ್ತು ಗಂಟೆಗೆ ಸಭೆ ಸೇರಿತು. ಅಯ್ಯನೋರಿಲ್ಲ. ಊರೆಲ್ಲ ಜಗುಲಿಯ ಮುಂದೆ ಬಂದು ನಿಂತಿತು. ಲೇಯಮ್ಮ ಬೀಗ ನೋಡಿದಳು, ತನ್ನ ಕೊಟ್ಟಿಗೆಯದು ಅಂತ ಗುರುತು ಹಿಡಿದಳು, ಅಲ್ಲೇ ಕುಸಿದು ಕೂತಳು. ಹನ್ನೆರಡು ವರ್ಷ ಕಾದದ್ದು ಇದಕ್ಕೇನಾ ಅಂತ ಎದೆ ಹಿಡಿದುಕೊಂಡಳು. ಇಬ್ಬರು ಗಂಡಸರು ಹಾರೆ ತಂದರು. ಕುರ್ಚಿಯ ಮೇಲೆ ಹೊತ್ತು ತಂದಿದ್ದ ಯೋಬಪ್ಪ ಮೇಷ್ಟ್ರು ಅಭ್ಯಾಸಬಲದಿಂದ, ಸಬ್ಬತ್ತಿನ ದಿನ ಹಾರೆ ಎತ್ತುತ್ತೀರಾ ಅಂತ ಗದರಿದರು. ಗದರಿದ ಮೇಲೆ ತಾವೇ ತಬ್ಬಿಬ್ಬಾದರು. ಹಾರೆ ಹಿಡಿದವರು ಹಾರೆ ಕೆಳಗಿಟ್ಟರು.

ಆಗ ಅಯ್ಯನೋರು ಕಿಟಕಿಗೆ ಬಂದರು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ಚಾಪೆಯ ಗುರುತಿತ್ತು, ಮುಖ ಮಾತ್ರ ಯಾರೂ ಕಂಡಿರದಷ್ಟು ಹಗುರವಾಗಿತ್ತು. ಎಲ್ಲರೂ ಅಂಗಳದಲ್ಲಿ ಕೂತುಕೊಳ್ಳಿ, ರೊಟ್ಟಿ ಮತ್ತು ದ್ರಾಕ್ಷಾರಸ ಇಲ್ಲಿಗೇ ತನ್ನಿ ಅಂದರು.

ಹೀಗೆ ಆವತ್ತಿನ ಪ್ರಭುಭೋಜನ ಕಿಟಕಿಯಲ್ಲಿ ನಡೆಯಿತು. ಅಯ್ಯನೋರು ಒಳಗೆ, ಸಭೆ ಹೊರಗೆ. ತಟ್ಟೆ ಕಂಬಿಯಲ್ಲಿ ತೂರಲಿಲ್ಲ, ರೊಟ್ಟಿಯನ್ನು ಚೂರುಚೂರಾಗಿ ಕೈಯಲ್ಲೇ ದಾಟಿಸಿದರು. ಎಲ್ಲರಿಗಿಂತ ಹತ್ತಿರದಲ್ಲಿ ಕೂತಿದ್ದವನು ಗಿದ್ಯೋನ. ಆದ್ದರಿಂದ ಮೊದಲನೇ ಚೂರು ಅವನಿಗೇ ಬಂತು. ಅವನು ಎರಡೂ ಕೈ ಚಾಚಿ ತೆಗೆದುಕೊಂಡ, ತಿಂದ, ಕುಡಿದ. ಒಂದಿಷ್ಟೂ ತಪ್ಪು ಮಾಡಲಿಲ್ಲ. ಲೇಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಮೇಷ್ಟ್ರು ಆಕಾಶ ನೋಡುತ್ತಿದ್ದರು.

ಅಯ್ಯನೋರು ಕಂಬಿಯೊಳಗಿಂದ ಕೈ ಚಾಚಿ ಅವನ ತಲೆಯ ಮೇಲಿಟ್ಟು, "ಸಮಾಧಾನದಿಂದ ಹೋಗು ಗಿದ್ಯೋನ," ಅಂದರು.

ಗಿದ್ಯೋನ ಎದ್ದ. ಹೋದ.

ಮಿಕ್ಕವರೂ ತೆಗೆದುಕೊಂಡು ತಂತಮ್ಮ ಮನೆಗೆ ಹೋದರು. ಲೇಯಮ್ಮ ಕೋಳಿಸಾರು ಬಿಸಿ ಮಾಡಿ ಕಾದಳು. ಎರಡು ಗಂಟೆಯಾಯಿತು, ಮಗನಿಲ್ಲ. ನಾಲ್ಕಾಯಿತು, ಇಲ್ಲ. ಕೊಟ್ಟಿಗೆ ನೋಡಿದರು, ಬಾವಿ ನೋಡಿದರು, ಮೇಷ್ಟ್ರ ಮನೆ ನೋಡಿದರು. ಊರಿಗೆ ಊರೇ ಕೂಗುತ್ತಾ ಅಲೆಯಿತು.

ಸೂರ್ಯ ಇಳಿಯುವ ಹೊತ್ತಿಗೆ ಸಂಜೆಯ ಬಸ್ಸು ಬಂತು. ಕಂಡಕ್ಟರು ಒಂದು ಕೈಯಲ್ಲಿ ಬೀಗದಕೈ, ಇನ್ನೊಂದು ಕೈಯಲ್ಲಿ ಗಿದ್ಯೋನನ ತೋಳು ಹಿಡಿದುಕೊಂಡು ಇಳಿದ. ಹನ್ನೊಂದು ಮೈಲಿ ಆಚೆ, ಹೊಳೆ ದಂಡೆಯಲ್ಲಿ, ಹರಿಗೋಲು ಹತ್ತುತ್ತಿದ್ದನಂತೆ.

"ಎಲ್ಲಿಗೆ ಹೊರಟೆಯೋ ಅಂದ್ರೆ, 'ಸಮಾಧಾನದಿಂದ' ಅಂತಾನಮ್ಮ," ಅಂದ ಕಂಡಕ್ಟರು.

ಲೇಯಮ್ಮ ಮಗನ ದೂಳು ಮೆತ್ತಿದ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಯಾಕೋ ಮಗ, ಮನೆ ದಾಟಿ ಹೋದೆಯಲ್ಲ, ನಿಲ್ಲಬಾರದಾ ಅಂತ ಕೇಳಿದಳು.

"ನಿಲ್ಲು ಅಂತ ಅಯ್ಯನೋರು ಹೇಳಲಿಲ್ವಲ್ಲ ಅವ್ವ," ಅಂದ ಗಿದ್ಯೋನ.