ಕಜ್ಜಾಯದ ನಡು ತಿಂದವನು

ಒಂದಾನೊಂದು ರಾಜ್ಯ. ಹೆಸರು ಗೋಧಿಕೆರೆ ಅಂತ ಇಟ್ಟುಕೊಳ್ಳಿ ಮಕ್ಕಳೆ, ಹೆಸರಿಗಿಂತ ಅಲ್ಲಿನ ವಾಸನೆ ಮುಖ್ಯ. ಬೆಳಗಾದರೆ ಸಾಕು, ಅರಮನೆಯ ಹಿತ್ತಲಿಂದ ತುಪ್ಪ ಕಾದ ವಾಸನೆ ಎದ್ದು, ಕೋಟೆ ದಾಟಿ, ಸಂತೆಬೀದಿ ದಾಟಿ, ಹೊಲ ಉಳುವ ಎತ್ತಿನ ಮೂಗಿಗೆ ಬಡಿಯುತ್ತಿತ್ತಂತೆ. ಎತ್ತು ಒಂದು ಗಳಿಗೆ ನಿಂತು, ಮೂಗರಳಿಸಿ, ಆಮೇಲೆ ಮುಂದಿನ ಹೆಜ್ಜೆ ಇಡುತ್ತಿತ್ತಂತೆ. ಅಂಥ ರಾಜ್ಯ.

ಆ ರಾಜ್ಯಕ್ಕೆ ಒಬ್ಬ ದೊರೆ, ದೊಡ್ಡಭೂಪತಿ. ಒಳ್ಳೆಯವನು. ಯುದ್ಧ ಅಂದರೆ ಆಗದು, ಊಟ ಅಂದರೆ ಆಗಬಹುದು. ಅವನಿಗೊಬ್ಬಳು ರಾಣಿ, ಚೆಲುವಾಜಮ್ಮಣ್ಣಿ. ಜೊತೆಗೆ ದೊರೆಯ ಮುದಿ ತಾಯಿ. ಅವಳನ್ನು ಅರಮನೆಯಲ್ಲಿ ಎಲ್ಲರೂ ದೊಡ್ಡವ್ವ ಅಂತಲೇ ಕರೆಯುತ್ತಿದ್ದರು. ಮೂರು ಜನ, ಮೂರು ನಾಲಿಗೆ. ದೊರೆಗೆ ಬಾದುಷಾ ಬೇಕು. ರಾಣಿಗೆ ಚಿರೋಟಿ ಬೇಕು. ದೊಡ್ಡವ್ವನಿಗೆ ತೂತಿನ ಕಜ್ಜಾಯ ಬೇಕು.

ತೂತಿನ ಕಜ್ಜಾಯ ನೀವು ತಿಂದಿರಲಿಕ್ಕಿಲ್ಲ, ಹೇಳಿಬಿಡುತ್ತೇನೆ. ಅಕ್ಕಿಹಿಟ್ಟು, ಬೆಲ್ಲದ ಪಾಕ, ಏಲಕ್ಕಿ, ಗಸಗಸೆ, ಎಲ್ಲ ನಮ್ಮ ನಿಮ್ಮ ಮನೆ ಕಜ್ಜಾಯದ್ದೇ. ಆದರೆ ನಟ್ಟನಡುವೆ ಒಂದು ತೂತು. ನೋಡಿದರೆ ಬಳೆ ಹಾಗೆ. ಕೈಗೆ ಹಾಕಿಕೊಳ್ಳೋಣ ಅನ್ನಿಸಬೇಕು, ಅಷ್ಟರಲ್ಲಿ ಬಾಯಿಗೆ ಹೋಗಿರುತ್ತದೆ.

ಮೂರು ಸಿಹಿಗೆ ಅರಮನೆಯಲ್ಲಿ ಮೂರು ಒಲೆ, ಮೂರು ಒಲೆಗೆ ಮೂವರು ಅಡುಗೆಯವರು. ಕಜ್ಜಾಯದ ಒಲೆ ಮಲ್ಲಾಜಮ್ಮನದು. ಅವಳ ಅತ್ತೆ ಅದೇ ಒಲೆಯ ಮುಂದೆ ಕೂತವಳು, ಅತ್ತೆಯ ಅತ್ತೆಯೂ ಅಲ್ಲೇ. ಗಂಡ ತೀರಿಕೊಂಡ ಮೇಲೆ ಅವಳಿಗೂ ಅವಳ ಇಬ್ಬರು ನಾದಿನಿಯರಿಗೂ ಆ ಒಲೆಯೇ ಅನ್ನ.

ಊಟಕ್ಕೆ ಕೂತರೆ ದಿನಾ ಜಗಳ.

"ಬಾದುಷಾಕ್ಕೆ ಸಮ ಇಲ್ಲ," ಅನ್ನುವನು ದೊರೆ. "ಹೊರಗೆ ಗರಿ, ಒಳಗೆ ಮಿದು, ಮೇಲೆ ಪಾಕದ ಮೆರುಗು."

"ಆ ಮೆರುಗೆಲ್ಲ ನಿನ್ನ ಮೀಸೆಗೆ ಮೆತ್ತುತ್ತೆ ಮಗ," ಅನ್ನುವಳು ದೊಡ್ಡವ್ವ. "ನಿನ್ನೆ ನೀನು ಸಭೆಯಲ್ಲಿ ನ್ಯಾಯ ಹೇಳ್ತಾ ಇದ್ದೆ, ಇರುವೆ ನಿನ್ನ ಮೀಸೆ ಮೇಲೆ ಸಾಲು ಕಟ್ತಾ ಇತ್ತು. ಜನ ಯಾವುದನ್ನ ನೋಡಬೇಕು?"

ರಾಣಿ ಸೆರಗು ಅಡ್ಡ ಹಿಡಿದು ನಗುವಳು. "ಅದಕ್ಕೇ ಚಿರೋಟಿ ತಿನ್ನಿ ಅನ್ನೋದು. ಪದರ ಪದರ. ಮೇಲೆ ಸಕ್ಕರೆ ಪುಡಿ, ಅದರ ಮೇಲೆ ಬಾದಾಮಿ ಹಾಲು."

"ಚಿರೋಟಿ ತಿನ್ನೋದೂ ಒಂದು ತಿನ್ನೋದೇನೆ?" ದೊರೆ ಕೇಳುವನು. "ಮುಟ್ಟಿದರೆ ಪುಡಿ. ಅರ್ಧ ಎಲೆಗೆ, ಅರ್ಧ ಮಡಿಲಿಗೆ, ಬಾಯಿಗೆ ಬರೀ ಗಾಳಿ."

"ಅತ್ತೆಯವರ ಕಜ್ಜಾಯಕ್ಕಿಂತ ವಾಸಿ. ಅದರಲ್ಲಿ ನಟ್ಟನಡುವೆಯೇ ಗಾಳಿ."

"ಗಾಳಿ ಅನ್ನಬೇಡ ಕಣಮ್ಮ. ಗರಿಗರಿ ಇರೋದು ಅಂಚಿನಲ್ಲಿ. ನಿನ್ನ ಗಂಡನ ಬಾದುಷಾಕ್ಕೆ ಅಂಚು ಒಂದೇ. ನನ್ನ ಕಜ್ಜಾಯಕ್ಕೆ ಎರಡು, ಹೊರಗೊಂದು ಒಳಗೊಂದು. ನನಗೆ ಉಳಿದಿರೋದು ನಾಲ್ಕು ಹಲ್ಲು. ಎರಡೆರಡು ಹಲ್ಲಿಗೆ ಒಂದೊಂದು ಅಂಚಾದರೂ ಬೇಡವ?"

ಹೀಗೆ ಜಗಳ. ಒಳ್ಳೆಯ ಜಗಳವೇ. ಕೈ ತೊಳೆಯುವ ಹೊತ್ತಿಗೆ ಮುಗಿಯುತ್ತಿತ್ತು, ಮರುದಿನದ ಊಟಕ್ಕೆ ಹಸಿವು ಹುಟ್ಟಿಸುತ್ತಿತ್ತು. ಅದನ್ನು ಅದರ ಪಾಡಿಗೆ ಬಿಟ್ಟಿದ್ದರೆ ಇನ್ನೂ ನೂರು ವರ್ಷ ಸುಖವಾಗಿ ನಡೆಯುತ್ತಿತ್ತು. ಬಿಡಲಿಲ್ಲ ಒಬ್ಬ. ಅವನ ಹೆಸರು ಭೋಗಣ್ಣ.

ಭೋಗಣ್ಣ ರುಚಿ ನೋಡುವ ಗುರಿಕಾರ. ದೊರೆಯ ಬಾಯಿಗೆ ಹೋಗುವುದನ್ನೆಲ್ಲ ಮೊದಲು ಅವನು ತಿಂದು ನೋಡಬೇಕು. ಹಿಂದಿನ ಕಾಲದಲ್ಲಿ ವಿಷದ ಭಯಕ್ಕೆ ಶುರುವಾದ ಕೆಲಸ ಅದು. ಈ ದೊರೆಗೆ ವಿಷ ಹಾಕುವಷ್ಟು ಕೋಪ ಯಾರಿಗೂ ಇರಲಿಲ್ಲವಾಗಿ, ಬರಬರುತ್ತ ಅದು ಬರೀ ತಿನ್ನುವ ಕೆಲಸವಾಯಿತು. ಭೋಗಣ್ಣನ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ಬರುತ್ತಿತ್ತು. ಅವನ ಮಾತು ಹೊಟ್ಟೆಗಿಂತ ಒಂದು ಹೆಜ್ಜೆ ಮುಂದೆ. "ಈ ರಾಜ್ಯದಲ್ಲಿ ನಾನು ತಿನ್ನದ ಸಿಹಿ ಇಲ್ಲ, ನಾನು ಹೇಳಲಾಗದ ರುಚಿ ಇಲ್ಲ," ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುವವನು.

ಒಂದು ದಿನ ಅವನು ದೊರೆಯ ಮುಂದೆ ಕೈಮುಗಿದು ನಿಂತ. "ಮಹಾಪ್ರಭು, ಅರಮನೆಯಲ್ಲಿ ಮೂರು ಮಾತಾದರೆ ರಾಜ್ಯಕ್ಕೆ ಲಕ್ಷಣವಲ್ಲ. ಯಾವ ಸಿಹಿ ಮೇಲು ಅಂತ ಒಂದು ತೀರ್ಪಾಗಲಿ. ಗೆದ್ದ ಒಲೆ ಉರಿಯಲಿ, ಉಳಿದೆರಡು ಆರಲಿ. ತಿಂದು ತೀರ್ಪು ಹೇಳುವ ಕಷ್ಟ ನನಗಿರಲಿ."

ದೊರೆ ತನ್ನ ಬಾದುಷಾ ಗೆದ್ದೇ ಗೆಲ್ಲುತ್ತದೆ ಅಂದುಕೊಂಡು ಹೂಂ ಅಂದ. ರಾಣಿ ತನ್ನ ಚಿರೋಟಿ ನೆನೆದು ಹೂಂ ಅಂದಳು. ದೊಡ್ಡವ್ವ ತನ್ನ ಕಜ್ಜಾಯ ನೆನೆದು ಹೂಂ ಅಂದಳು. ಮೂರು ಹೂಂ ಸೇರಿ ಆಜ್ಞೆಯಾಯಿತು.

ಮೊದಲನೆಯ ದಿನ ಭೋಗಣ್ಣ ಮೂರು ತಟ್ಟೆ ತಿಂದ. "ಬಾದುಷಾ ರುಚಿಯ ಮೇಲೆ ಚಿರೋಟಿ ರುಚಿ ಹತ್ತಿ ಕೂತುಬಿಟ್ಟಿದೆ ಪ್ರಭು. ನಾಳೆ ಹಿಂದುಮುಂದಾಗಿ ತಿನ್ನಬೇಕು," ಅಂದ.

ಎರಡನೆಯ ದಿನ ಆರು ತಟ್ಟೆ ತಿಂದ. "ತೀರ್ಪು ನಾಲಿಗೆ ತುದಿಗೆ ಬಂದಿತ್ತು. ನೀರು ಕುಡಿದೆ, ಇಳಿದುಹೋಯಿತು," ಅಂದ.

ಮೂರನೆಯ ದಿನ ಒಂಬತ್ತು ತಟ್ಟೆ ತಿಂದ. "ಬಾಯಿಗೆ ಗೊತ್ತಾಯಿತು, ಹೊಟ್ಟೆ ಇನ್ನೂ ಯೋಚನೆ ಮಾಡ್ತಾ ಇದೆ," ಅಂತ ಇನ್ನೊಂದು ವಾರ ಕೇಳಿದ.

ಇಷ್ಟಕ್ಕೆ ನಿಂತಿದ್ದರೆ ತಿಂಡಿಪೋತ ಅಂತ ನಕ್ಕು ಬಿಡಬಹುದಿತ್ತು. ನಿಲ್ಲಲಿಲ್ಲ. ಅವನು ಒಲೆಗಳ ಕಡೆಗೂ ಸುಳಿದ. "ಒಲೆ ಆರಬಾರದು ಅಂದರೆ ನಮ್ಮ ಮನೆಗೆ ದಿನಕ್ಕೊಂದು ಬುಟ್ಟಿ ಬರಲಿ," ಅಂದ. ಬಾದುಷಾ ಮಾಡುವವನು ಹೆದರಿ ಕಳಿಸಿದ. ಚಿರೋಟಿ ಮಾಡುವವನೂ ಹೆದರಿ ಕಳಿಸಿದ. ಮಲ್ಲಾಜಮ್ಮನ ಹತ್ತಿರ ಮೂರು ಸಲ ಬರಬೇಕಾಯಿತು.

ಮೊದಲ ಸಲ ಬಂದು, "ನಮ್ಮ ಮನೆಯಲ್ಲಿ ಎಲ್ಲರಿಗೂ ಕಜ್ಜಾಯ ಅಂದರೆ ಪ್ರಾಣ ಕಣಮ್ಮ," ಅಂದ.

"ಸಂತೋಷ ಗುರಿಕಾರರೆ," ಅಂದು ಅವಳು ಉರಿ ಸಣ್ಣ ಮಾಡಿದಳು.

ಎರಡನೆಯ ಸಲ ಬಂದು, "ನಮ್ಮ ಮನೆಯಲ್ಲಿ ಬುಟ್ಟಿ ದೊಡ್ಡದಿದೆ," ಅಂದ.

"ಹೂವು ಬಿಡಿಸೋಕೆ ಅನುಕೂಲ ಬಿಡಿ," ಅಂದಳು.

ಮೂರನೆಯ ಸಲ ನೇರವಾಗಿಯೇ ಕೇಳಿದ. "ಬುಟ್ಟಿ ಕಳಿಸ್ತೀಯೋ, ಒಲೆ ಆರಿಸ್ತೀಯೋ?"

"ಬೆಲ್ಲ ಅರಮನೆಯದು, ತುಪ್ಪ ಅರಮನೆಯದು. ಅರಮನೆಯವರು ಕೊಡು ಅಂದರೆ ಬುಟ್ಟಿ ಯಾಕೆ, ಕೊಪ್ಪರಿಗೆ ತುಂಬ ಕೊಡ್ತೀನಿ. ಅವರನ್ನ ಕೇಳಿಕೊಂಡು ಬನ್ನಿ."

ಭೋಗಣ್ಣ ಕೇಳಿಕೊಂಡು ಬರಲಿಲ್ಲ. ಮರುದಿನ ತುಂಬಿದ ಸಭೆಯಲ್ಲಿ ಎದ್ದು ನಿಂತ.

"ಮಹಾಪ್ರಭು, ತೀರ್ಪಿಗೆ ಮೊದಲು ಒಂದು ಕಳ್ಳತನ ಬಯಲಾಗಬೇಕು. ದರ್ಜಿ ಅಂಗಿಗೆ ಕೊರಳು ಕತ್ತರಿಸುತ್ತಾನೆ. ಕತ್ತರಿಸಿದ ಬಟ್ಟೆ ಎಲ್ಲಿ ಹೋಗುತ್ತೆ? ದರ್ಜಿ ಮನೆಗೆ. ಈ ಮಲ್ಲಾಜಮ್ಮ ಕಜ್ಜಾಯಕ್ಕೆ ತೂತು ಮಾಡುತ್ತಾಳೆ. ಆ ತೂತಿನಲ್ಲಿದ್ದ ನಡು ಎಲ್ಲಿ ಹೋಯಿತು? ದಿನಕ್ಕೆ ನೂರು ಕಜ್ಜಾಯ, ದಿನಕ್ಕೆ ನೂರು ನಡು. ಅರಮನೆಗೆ ಬರೀ ಸುತ್ತು, ಇವಳ ಮನೆಗೆ ನಡು. ಅದೂ ಇವಳ ಅತ್ತೆಯ ಅತ್ತೆಯ ಕಾಲದಿಂದ."

ಸಭೆ ದಂಗಾಯಿತು. ನೀವು ನಗುತ್ತೀರಿ. ಆದರೆ ನೋಡಿ, ದೊರೆ ಅಡುಗೆಮನೆಯ ಹೊಸ್ತಿಲು ಯಾವತ್ತೂ ದಾಟಿದವನಲ್ಲ. ರಾಣಿಯೂ ದಾಟಿದವಳಲ್ಲ. ದೊಡ್ಡವ್ವ ತಿಂದವಳೇ ಹೊರತು ತಟ್ಟಿದವಳಲ್ಲ. ಭೋಗಣ್ಣ ಒಲೆಯ ಹತ್ತಿರ ಹೋಗಿದ್ದ ನಿಜ, ಆದರೆ ಬುಟ್ಟಿ ಕೇಳುವ ಅವಸರದಲ್ಲಿ ಕಜ್ಜಾಯ ಹೇಗೆ ಮಾಡುತ್ತಾರೆ ಅಂತ ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ. ಗೊತ್ತಿದ್ದವರು ಉಳಿದಿಬ್ಬರು ಅಡುಗೆಯವರು. ಅವರು ಬುಟ್ಟಿ ಕಳಿಸಿದ ತಪ್ಪಿಗೆ ತಲೆ ತಗ್ಗಿಸಿ ನಿಂತಿದ್ದರು.

ದೊರೆ ಮುಖ ಗಂಟಿಕ್ಕಿದ. "ಮಲ್ಲಾಜಮ್ಮ, ನಡು ಎಲ್ಲಿ? ಹೇಳದಿದ್ದರೆ ಇವತ್ತೇ ನಿನ್ನ ಒಲೆಗೆ ನೀರು ಸುರಿಸ್ತೀನಿ."

ಮಲ್ಲಾಜಮ್ಮನಿಗೆ ಮನೆಯಲ್ಲಿದ್ದ ಇಬ್ಬರು ನಾದಿನಿಯರು ಕಣ್ಣೆದುರು ಬಂದರು. ನಡು ಇಲ್ಲವೇ ಇಲ್ಲ ಅಂದುಬಿಡಬಹುದಿತ್ತು. ಅಂದರೆ ಅವನು ಇದೆ ಅನ್ನುತ್ತಾನೆ. ಅವಳು ಇಲ್ಲ, ಅವನು ಇದೆ. ಸಂಜೆವರೆಗೆ ಹಾಗೇ ನಡೆದು, ಕೊನೆಗೆ ದೊಡ್ಡ ಹೊಟ್ಟೆಯವನ ಮಾತು ಗೆಲ್ಲುತ್ತದೆ. ಅವಳು ತಲೆಯೆತ್ತಿದಳು.

"ಬುದ್ಧಿ, ಕದ್ದ ಪದಾರ್ಥ ಹುಡುಕಬೇಕು ಅಂದರೆ ಅದರ ಗುರುತು ಗೊತ್ತಿರಬೇಕು. ರುಚಿ ಬಲ್ಲವರು ಈ ರಾಜ್ಯಕ್ಕೆಲ್ಲ ಗುರಿಕಾರರೊಬ್ಬರೇ. ಮೂರು ಮಾತು ಕೇಳ್ತೀನಿ, ಅವರು ಹೇಳಲಿ."

ಭೋಗಣ್ಣ ಹೊಗಳಿಕೆಗೆ ಉಬ್ಬಿದ. "ಕೇಳಮ್ಮ, ಕೇಳು."

"ಆ ನಡು ಮಿದುವೋ, ಗರಿಯೋ?"

"ಮಿದು. ಹತ್ತಿ ಹಾಗೆ. ನಾಲಿಗೆ ಮೇಲಿಟ್ಟರೆ ತಾನೇ ಕರಗಬೇಕು."

"ಬೆಲ್ಲ ಮುಂದೋ, ತುಪ್ಪ ಮುಂದೋ?"

"ಮೊದಲು ತುಪ್ಪ. ಅದರ ಕೈ ಹಿಡಿದುಕೊಂಡು ಬೆಲ್ಲ. ಇಬ್ಬರೂ ಒಳಗೆ ಹೋದ ಮೇಲೆ ಏಲಕ್ಕಿ ಬಂದು ಬಾಗಿಲು ಹಾಕುತ್ತೆ."

ಸಭೆಯಲ್ಲಿದ್ದವರೆಲ್ಲ ಒಟ್ಟಿಗೆ ಜೊಲ್ಲು ನುಂಗಿದರು. ದ್ವಾರಪಾಲಕ ಕೂಡ.

"ಎಷ್ಟು ಚೆನ್ನಾಗಿ ಹೇಳಿದಿರಿ. ಇದು ಯಾರೋ ಹೇಳಿದ್ದು ಕೇಳಿದ ಮಾತೋ, ನೀವೇ ತಿಂದ ಮಾತೋ?"

"ಕೇಳಿದ ಮಾತು ಹೇಳೋಕೆ ನಾನೇನು ಹರಟೆಮಲ್ಲನೇ? ತಿಂದ ಮಾತು. ಒಂದಲ್ಲ, ನೂರು ತಿಂದಿದ್ದೇನೆ."

ಮಲ್ಲಾಜಮ್ಮ ಕೈಮುಗಿದು ಹಿಂದಕ್ಕೆ ಸರಿದಳು. ದೊಡ್ಡವ್ವ ಮುಂದಕ್ಕೆ ಬಾಗಿದಳು.

"ಅಲ್ಲಯ್ಯ ಭೋಗಣ್ಣ, ಅರವತ್ತು ವರ್ಷದಿಂದ ನನ್ನ ತಟ್ಟೆಗೆ ಒಂದು ನಡುವೂ ಬಂದಿಲ್ಲ. ನಿನ್ನ ಬಾಯಿಗೆ ನೂರು ಹೇಗೆ ಬಂತು?"

ಭೋಗಣ್ಣ ಮಲ್ಲಾಜಮ್ಮನ ಕಡೆ ಬೆರಳು ತೋರಿದ. "ಅದು... ಇವಳೇ ಕೊಟ್ಟಳು ದೊಡ್ಡವ್ವ."

"ಕಳ್ಳತನ ಗೊತ್ತಿದ್ದೂ ನೂರು ಸಲ ತಿಂದು, ಇವತ್ತು ಹೇಳೋಕೆ ಬಂದೆಯಾ?" ಅಂದ ದೊರೆ.

"ಇಲ್ಲ ಪ್ರಭು, ಇವಳು ಕೊಡಲಿಲ್ಲ. ಇವಳು ನೋಡದಾಗ ನಾನೇ ತೆಗೆದುಕೊಂಡೆ."

"ಹಾಗಾದರೆ ಕದ್ದವರು ನೀವು," ಅಂದಳು ರಾಣಿ.

ಆಗ ಮಲ್ಲಾಜಮ್ಮ ಮೆಲ್ಲಗೆ ಅಂದಳು: "ಪಾಪ, ಗುರಿಕಾರರು ಕದ್ದಿಲ್ಲ ಅಮ್ಮಣ್ಣಿ. ಆ ಭಾಗ್ಯ ಅವರಿಗೆ ಇಲ್ಲ. ಒಂದು ಒಲೆ ಇಲ್ಲಿಗೇ ತರಿಸಿಕೊಡಿ, ಒಂದು ತಕ್ಕಡಿನೂ ಬರಲಿ."

ಒಲೆ ಬಂತು, ಬಾಣಲೆ ಬಂತು, ತಕ್ಕಡಿ ಬಂತು. ಮಲ್ಲಾಜಮ್ಮ ಕಜ್ಜಾಯದ ಹಿಟ್ಟಿನ ಒಂದು ಉಂಡೆ ಮಾಡಿ ತೂಗಿದಳು. ಎಲ್ಲರೂ ನೋಡಿದರು. ಬಾಳೆಲೆಗೆ ತುಪ್ಪ ಸವರಿ ಉಂಡೆಯನ್ನು ತಟ್ಟಿದಳು. ಎಲ್ಲರೂ ನೋಡಿದರು. ಆಮೇಲೆ, "ಬುದ್ಧಿ, ತಮ್ಮ ಬೆರಳು," ಅಂದಳು.

ದೊರೆ ಉಂಗುರ ಕಳಚಿಟ್ಟು, ಬೆರಳಿಗೆ ತುಪ್ಪ ಹಚ್ಚಿಸಿಕೊಂಡು, ಕಜ್ಜಾಯದ ನಟ್ಟನಡುವೆ ಒತ್ತಿ ತಿರುಗಿಸಿದ. ಹಿಟ್ಟು ಸರಿಯಿತು. ತೂತಾಯಿತು. ದೊರೆ ಬೆರಳೆತ್ತಿ ನೋಡಿಕೊಂಡ. ಬೆರಳಲ್ಲಿ ಏನೂ ಇಲ್ಲ. ಎಲೆಯ ಕೆಳಗೆ ನೋಡಿದ. ಅಲ್ಲೂ ಏನೂ ಇಲ್ಲ. ಅಂಗೈ ಮಗುಚಿ ನೋಡಿದ. ಊಹೂಂ. ಮತ್ತೆ ತೂಗಿದರು. ಉಂಡೆ ಎಷ್ಟಿತ್ತೋ ತೂತಿನ ಕಜ್ಜಾಯವೂ ಅಷ್ಟೇ ಇತ್ತು.

"ತೆಗೆದದ್ದು ಏನೂ ಇಲ್ಲ ಬುದ್ಧಿ, ಸರಿಸಿದ್ದು ಅಷ್ಟೆ. ನಡುವಿನ ಹಿಟ್ಟು ಅಂಚಿಗೆ ಹೋಗಿ ಕೂತಿದೆ. ತೂತು ಇಲ್ಲದಿದ್ದರೆ ಅಂಚು ಸೀದರೂ ನಡು ಹಸಿ ಉಳಿಯುತ್ತೆ. ಬೆಂದ ಮೇಲೆ ಎತ್ತೋಕೆ ಕಡ್ಡಿಗೂ ದಾರಿ ಬೇಕಲ್ಲ." ಹೀಗೆ ಹೇಳುತ್ತಲೇ ಕರಿದು, ತೂತಿಗೆ ಕಡ್ಡಿ ತೂರಿಸಿ ಎತ್ತಿ, ತುಪ್ಪ ಒತ್ತಿ ತೆಗೆದು ತಟ್ಟೆಗಿಟ್ಟಳು.

ತಾನೇ ತೂತು ಮಾಡಿದ್ದು ಅಂತ ದೊರೆಗೆ ಹಿಗ್ಗು. ಬಿಸಿಯಲ್ಲೇ ಮುರಿದು ಬಾಯಿಗಿಟ್ಟ. "ಬಾದುಷಾದಷ್ಟಲ್ಲ. ಆದರೂ..."

"ಆದರೂ ಏನು ಮಗ?" ಅಂದಳು ದೊಡ್ಡವ್ವ.

"ಆದರೂ ಇನ್ನೊಂದು ಕರಿಯಲಿ."

ಎರಡನೆಯದನ್ನೂ ಮುಗಿಸಿ ದೊರೆ ಭೋಗಣ್ಣನ ಕಡೆ ತಿರುಗಿದ. "ಇಲ್ಲದ ನಡುವಿನ ರುಚಿಯನ್ನ ನಮ್ಮೆಲ್ಲರ ಬಾಯಲ್ಲಿ ನೀರೂರುವ ಹಾಗೆ ಹೇಳಿದೆಯಲ್ಲಯ್ಯ. ಇನ್ನು ಇರೋ ಬಾದುಷಾ, ಇರೋ ಚಿರೋಟಿ ಬಗ್ಗೆ ನೀನು ಏನು ಹೇಳಿದರೂ ನಾನು ಹೇಗೆ ನಂಬಲಿ?"

ಆಗ ಉಳಿದಿಬ್ಬರು ಅಡುಗೆಯವರಿಗೂ ಧೈರ್ಯ ಬಂತು. ಮುಂದೆ ಬಂದು ಬುಟ್ಟಿಗಳ ಸಂಗತಿ ಬಾಯಿಬಿಟ್ಟರು. ದೊರೆ ಮೂರು ಮಾತು ಹೇಳಿದ. ತೀರ್ಪು ಬೇಡ. ಮೂರೂ ಒಲೆ ಉರಿಯಲಿ. ಭೋಗಣ್ಣನಿಗೆ ಗುರಿಕಾರಿಕೆ ಸಾಕು.

"ಶಿಕ್ಷೆ?" ಅಂದಳು ರಾಣಿ.

"ಶಿಕ್ಷೆ ಯಾಕೆ, ಪಾಪ, ನಡು ಅಂದರೆ ಅವನಿಗೆ ಇಷ್ಟ. ಒಂದು ತಿಂಗಳು ಪಂಕ್ತಿಯಲ್ಲಿ ಕೂರಿಸಿ ಹೊಟ್ಟೆ ತುಂಬ ನಡುವನ್ನೇ ಬಡಿಸಿ," ಅಂದ ದೊರೆ.

ಹಾಗೇ ಮಾಡಿದರು. ದಿನಾ ಮಧ್ಯಾಹ್ನ ಭೋಗಣ್ಣನಿಗೆ ಎಲೆ ಹಾಕುವರು. ಅವನ ಎಡಕ್ಕೆ ಕೂತವನು ಬಾದುಷಾ ತಿನ್ನುವನು, ಬಲಕ್ಕೆ ಕೂತವನು ಚಿರೋಟಿಗೆ ಹಾಲು ಹಾಕಿಸಿಕೊಳ್ಳುವನು. ಬಡಿಸುವವರು ಖಾಲಿ ಹರಿವಾಣ ಹಿಡಿದು ಬಂದು, ಅವನ ಎಲೆಯ ಮೇಲೆ ಬಗ್ಗಿ, "ಗುರಿಕಾರರೆ, ಇನ್ನೊಂದು ನಡು ಹಾಕಲಾ? ಸಂಕೋಚ ಬೇಡಿ," ಅನ್ನುವರು. ಅವನು ಎಲೆಗೆ ಕೈ ಅಡ್ಡ ಹಿಡಿದು, "ಸಾಕಪ್ಪ, ಸಾಕು," ಅನ್ನಬೇಕು. ಅನ್ನದಿದ್ದರೆ ಮತ್ತೊಂದು ಬಡಿಸುವರು.

ತಿಂಗಳು ತುಂಬಿದ ದಿನ ಮಲ್ಲಾಜಮ್ಮನೇ ಬಂದು ಅವನ ಎಲೆಗೆ ಒಂದು ನಿಜವಾದ ಕಜ್ಜಾಯ ಇಟ್ಟಳು. "ಇವತ್ತು ಸುತ್ತ ತಿನ್ನಿ ಗುರಿಕಾರರೆ," ಅಂದಳು. "ನಡು ಬಿಟ್ಟರೂ ಪರವಾಗಿಲ್ಲ." ಭೋಗಣ್ಣ ತಲೆ ತಗ್ಗಿಸಿಕೊಂಡು ತಿಂದ. ಹೇಗಿದೆ ಅಂತ ಪಕ್ಕದವನು ಕೇಳಿದ. ಭೋಗಣ್ಣ ಪೂರ್ತಿ ಅಗಿದು, ನುಂಗಿ, ಬಾಯಿ ಒರೆಸಿಕೊಂಡ ಮೇಲೆಯೇ ಉತ್ತರ ಹೇಳಿದನಂತೆ.

ನೀತಿ ಏನು ಅಂತ ಕೇಳುತ್ತೀರಿ, ಹೇಳುತ್ತೇನೆ. ನಿಮಗೆ ಯಾವ ಸಿಹಿ ಇಷ್ಟವೋ ಅದನ್ನು ತಿನ್ನಿ, ಪಕ್ಕದವರ ಸಿಹಿಯ ಮೇಲೆ ತೀರ್ಪು ಕೊಡಲು ಹೋಗಬೇಡಿ. ತಿಂದದ್ದರ ರುಚಿ ಎಷ್ಟು ಬೇಕಾದರೂ ಹೇಳಿ, ಕೇಳಲು ನಾವಿದ್ದೇವೆ. ತಿನ್ನದ್ದರ ರುಚಿ ಮಾತ್ರ ಹೇಳಬೇಡಿ. ಹೇಳಿದವನಿಗೆ ಒಂದು ದಿನ ಅದನ್ನೇ ಬಡಿಸುತ್ತಾರೆ.