ಸಪ್ಪೆ ನುಚ್ಚು

ಹೊಳೆದಂಡೆಯ ಆ ಮಠದಲ್ಲಿ ಅಡವೀಶನಿಗೆ ಎರಡೇ ಕೆಲಸ. ಗುರುಗಳಿಗೆ ಅಡುಗೆ ಮಾಡುವುದು, ಪೇಟೆಯಿಂದ ಅವರ ರಕ್ತಪರೀಕ್ಷೆಯ ರಿಪೋರ್ಟು ತರುವುದು.

ಗುರುಗಳ ಯಕೃತ್ತು ವರ್ಷಗಳಿಂದ ಸೊರಗುತ್ತ ಬಂದಿತ್ತು. ಹೊಟ್ಟೆಯಲ್ಲಿ ನೀರು ತುಂಬತೊಡಗಿದ ಮೇಲೆ ಡಾಕ್ಟರು ಉಪ್ಪು ಬಿಡಿಸಿದ್ದರು.

ಅಂದು ಅಡವೀಶ ಪೇಟೆಯಿಂದ ರಿಪೋರ್ಟು ತಂದವನೇ ನುಚ್ಚು ಬೇಯಿಸಿ, ಉಪ್ಪು ಹಾಕಿ ಬಡಿಸಿದ.

ಗುರುಗಳು ಎಂದಿನಂತೆ ಮೊದಲ ತುತ್ತನ್ನು ಮುತ್ತುಗದ ಎಲೆಯ ಮೇಲೆ ತೆಗೆದಿಟ್ಟರು. ದಿನವೂ ಅದನ್ನು ಅಳಿಲು ತಿನ್ನುತ್ತಿತ್ತು. ಎರಡನೆಯದನ್ನು ಬಾಯಿಗಿಟ್ಟು ನಿಲ್ಲಿಸಿದರು.

"ಇವತ್ತು ಯಾವ ಹಬ್ಬವಪ್ಪಾ?"

"ಅಜ್ಜಾರೆ, ರಿಪೋರ್ಟಿನಲ್ಲಿ ಲಿವರಿನ ಎನ್ಜೈಮುಗಳು ಇಳಿದಿವೆ. ಹೋದ ವರ್ಷ ಡಾಕ್ಟರು ಅವು ಏರಿದ್ದನ್ನು ನೋಡಿಯೇ ಹೆದರಿದ್ದರಲ್ಲ. ಲಿವರು ಸುಧಾರಿಸುತ್ತಿದೆ."

ಗುರುಗಳು ಒಲೆಯ ಕಡೆ ನೋಡಿದರು.

"ಹೊಗೆ ನಿಂತಿದೆ. ನುಚ್ಚು ಬೆಂದಿತು ಅಂತ ನಿಂತಿತೋ?"

"ಹೊಗೆಗೇನು ಗೊತ್ತು ಅಜ್ಜಾರೆ? ಸೌದೆ ತೀರಿತು, ನಿಂತಿತು. ಬೆಂದಿದೆಯೋ ಇಲ್ಲವೋ ಮುಚ್ಚಳ ತೆಗೆದೇ ನೋಡಬೇಕು."

"ಹಾಗಾದರೆ ಮುಚ್ಚಳ ತೆಗೆ. ಉಳಿದ ಸಾಲುಗಳನ್ನೂ ಓದು."

ಅಡವೀಶ ಓದಿದ. ಯಕೃತ್ತು ತಯಾರಿಸಬೇಕಾದ ಆಲ್ಬುಮಿನ್ ಇಳಿದಿತ್ತು. ಅದು ಹೊರಹಾಕಬೇಕಾದ ಬಿಲಿರುಬಿನ್ ಏರಿತ್ತು. ರಕ್ತ ಹೆಪ್ಪುಗಟ್ಟಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕಾಗಿತ್ತು. ಅಲ್ಲಿಗೆ ಬರುವಷ್ಟರಲ್ಲಿ ಅವನಿಗೆ ತಿಳಿಯಿತು: ಸೌದೆ ತೀರಿದಂತೆ ಲಿವರೇ ತೀರುತ್ತ ಬಂದಿತ್ತು, ಎನ್ಜೈಮು ಇಳಿದದ್ದು ಅದಕ್ಕೇ.

"ಇನ್ನೆಷ್ಟು ಕಾಲ, ಅಜ್ಜಾರೆ?"

"ನಾಳೆ ಡಾಕ್ಟರನ್ನೇ ಕೇಳೋಣ. ನಿನ್ನ ಉಪ್ಪಿನ ಸುದ್ದಿಯನ್ನೂ ಹೇಳಿ ಬೈಸಿಕೊಳ್ಳೋಣ."

ಅಡವೀಶ ನಗಲಿಲ್ಲ. ರೋಗ ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿತ್ತು. ಹರೆಯದಲ್ಲಿ ಗುರುಗಳು ಬಂಡೆಯಿಂದ ಬಿದ್ದು, ರಕ್ತ ಸೋರಿ ಸಾಯುವಂತಾಗಿದ್ದಾಗ ಗುರುತಿಲ್ಲದ ಯಾರೋ ರಕ್ತ ಕೊಟ್ಟಿದ್ದರು. ಆ ರಕ್ತದಲ್ಲೇ ಲಿವರನ್ನು ತಿನ್ನುವ ಹೆಪಟೈಟಿಸ್ ವೈರಸ್ ಇತ್ತು. ಅದನ್ನು ಹುಡುಕುವ ಪರೀಕ್ಷೆ ಆಗಿನ್ನೂ ಬಂದಿರಲಿಲ್ಲ.

"ಆ ಪುಣ್ಯಾತ್ಮ ಸಿಕ್ಕರೆ ಕೇಳುತ್ತೇನೆ," ಎಂದ. "ಎಂಥ ರಕ್ತ ಕೊಟ್ಟೆಯಪ್ಪಾ ಅಂತ."

ಗುರುಗಳು ಉಪ್ಪು ಹಾಕಿದ ನುಚ್ಚಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನೀನು ಮನೆ ಬಿಟ್ಟು ಬಂದ ದಿನ ಮಳೆ ಸುರಿಯುತ್ತಿತ್ತು. ಬಾಗಿಲು ತೆಗೆದವರು ಯಾರು?"

"ನೀವು."

"ನಾನೊಬ್ಬನೇ? ಆ ರಕ್ತವಿಲ್ಲದೆ ನಾನು ಇರುತ್ತಿದ್ದೆನೇ?"

ಅಡವೀಶ ಕಣ್ಣೊರೆಸಿಕೊಂಡು ಎದ್ದ. ಸಪ್ಪೆ ನುಚ್ಚು ಬೇಯಿಸಿ ತಂದ. ಉಪ್ಪಿನ ತಟ್ಟೆಯನ್ನು ಎತ್ತಿಕೊಂಡು, ಮುತ್ತುಗದ ಎಲೆಗೂ ಕೈ ಚಾಚಿದ.

ಗುರುಗಳು ತಡೆದರು.

"ಅದಿರಲಿ."

"ಅಳಿಲಿಗೆ ಸಪ್ಪೆಯದನ್ನೇ ಇಡೋಣ, ಅಜ್ಜಾರೆ."

"ತಿನ್ನುವುದು ಅಳಿಲು. ನಾನು ಇಡುವುದು ರಕ್ತ ಕೊಟ್ಟವರಿಗೆ."

ಅಡವೀಶ ಎಲೆಯನ್ನೇ ನೋಡುತ್ತ ಕುಳಿತ.

"ಪಥ್ಯ ನನಗೆ. ಅವರಿಗೂ ಸಪ್ಪೆಯೇ ಬಡಿಸುತ್ತಿದ್ದೆ. ಇವತ್ತು ನಿನ್ನಿಂದ ರುಚಿಯಾದದ್ದು ಸಿಕ್ಕಿತು," ಎಂದರು ಗುರುಗಳು. "ಇನ್ನು ಮೇಲೆ ಆ ತುತ್ತಿಗೆ ಉಪ್ಪು ಹಾಕುವ ಕೆಲಸವೂ ನಿನ್ನದೇ. ನಾನು ಇದ್ದರೂ, ಇಲ್ಲದಿದ್ದರೂ."